ಫಲಾನುಭವಿ

ಮೂರು ದಿನ ಆತು, ಬಾಯಿಪಾಠ ಮಾಡ್ಲಿಕತ್ತೀನಿ.
ಹೆಸರು ಜಗದೇವಿ.
ಗಂಡ ಸಾಯಬಣ್ಣ, ತೀರಿಕೊಂಡಾನ.
ಮನಿ ನಂಬರ್ ಬಿ ಹದಿನೇಳು, ಕೆಳಗಿನ ಅಂತಸ್ತು.
ಹುಟ್ಟಿದ ವರ್ಷಕ್ಕ ಬಂದ್ರ ಮಾತ್ರ ನಾಲಿಗಿ ತೊಡರ್ತದ,
ಆಕಿ ನನಗಿಂತ ಒಂಬತ್ತು ವರ್ಷ ದೊಡ್ಡಾಕಿ.

ಗೇಟಿಗಿ ಕಾಗದ ಅಂಟಿಸ್ಯಾರ:
ಫಲಾನುಭವಿಯು ಮನೆಯನ್ನು ಬಾಡಿಗೆಗೆ ನೀಡಿರುವುದು ಕಂಡುಬಂದಲ್ಲಿ
ಹಂಚಿಕೆ ರದ್ದುಪಡಿಸಿ ಏಳು ದಿನಗಳೊಳಗೆ ಬೀಗಮುದ್ರೆ ಹಾಕಲಾಗುವುದು.
ಓದಿ ಹೇಳಿದಾಕಿ ನನ್ನ ಮಗಳು, ಐದನೇ ಇಯತ್ತೆ.
ಅವ್ವ, ಫಲಾನುಭವಿ ಅಂದ್ರ?
ಹಣ್ಣು ತಿಂದಾಕಿ.
ಮತ್ತ ನಾವು?
ಗಿಡದ ನೆಳ್ಳಿಗಿ ರೊಕ್ಕ ಕೊಡೋರು.

ಸ್ಟೇಷನ್ ಹಿಂದ ಜಗದೇವಿದು ತಗಡಿನ ಮನಿ ಇತ್ತು. ಕೆಡವಿದ್ರು.
ಇಲ್ಲಿ, ರಿಂಗ್ ರೋಡ್ ದಾಟಿ, ಕೀಲಿ ಕೊಟ್ಟು ಫೋಟೋ ತಗೊಂಡ್ರು.
ಆಕಿ ಸೂಪರ್ ಮಾರ್ಕೆಟ್ದಾಗ ಮೆಂತಿ, ಪುಂಡಿಪಲ್ಯ ಮಾರಾಕಿ.
ನಸಿಕಿಲೆ ನಾಕಕ್ಕ ಅಲ್ಲಿರಬೇಕು, ಮೊದಲನೇ ಬಸ್ಸು ಏಳಕ್ಕ.
ಆಟೋದವ ಕೇಳೋದು ನೂರಾ ಇಪ್ಪತ್ತು,
ಒಂದು ಪುಟ್ಟಿಗಿ ಉಳಿಯೋದೂ ಅಷ್ಟೇ.
ಎಂಟು ತಿಂಗಳು ನೋಡಿದಳು.
ಆಮ್ಯಾಲ ಪ್ಯಾಟಿ ಸನೇಕ ಒಂದು ಖೋಲಿ ಹಿಡದಳು, ಎರಡೂವರಿ ಸಾವಿರ.
ಇದನ್ನ ನನಗ ಕೊಟ್ಟಳು, ಸಾವಿರದ ಎಂಟನೂರು.
ನನ್ನ ದಾಲ್ ಮಿಲ್ ಇಲ್ಲಿಂದ ಇಪ್ಪತ್ತು ನಿಮಿಷದ ನಡಿಗಿ.
ಆಫೀಸಿನ್ಯಾಗ ನಕ್ಷಾ ಬಿಡಿಸೂಮುಂದ
ಆಕಿ ಪುಟ್ಟಿ ಎಲ್ಲದ, ನನ್ನ ಮೊರ ಎಲ್ಲದ ಅಂತ
ಯಾರೂ ಕೇಳಲಿಲ್ಲ.

ಖರೇ ಹೇಳಬೇಕಂದ್ರ ನಾನೂ ಅರ್ಜಿ ಹಾಕಿದ್ದೆ.
ರಸೀದಿಮ್ಯಾಲ ಸುಗಲಾಬಾಯಿ ಅಂತ ಅದ.
ಮಸಾಲಿ ಡಬ್ಬಿಯಾಗ ಇಟ್ಟೀನಿ, ಜೀರಗಿ ವಾಸನಿ ಹಿಡದದ.

ಮಳಿಗಾಲದಾಗ ಗ್ವಾಡಿ ಒಳಗಿಂದ ಬೆವರ್ತದ.
ಮ್ಯಾಲಿನ ಮನಿ ಸಂಡಾಸಿನ ಪೈಪು ನಮ್ಮ ಒಲಿಮ್ಯಾಲೆ ಸೋರ್ತದ.
ಕಂಪ್ಲೇಂಟ್ ಬರಸಬೇಕಂದ್ರ
ಹಕ್ಕುಪತ್ರ ಇದ್ದಾಕಿನ ಬರಬೇಕಂತ.
ಫಲ ಆಕಿದು,
ಅನುಭವ ನಂದು.

ನಾಕನೇ ದಿನ ಬಂದ.
ಹುಡುಗ. ಮೀಸಿ ಇನ್ನಾ ಸರೀಗಿ ಬಂದಿಲ್ಲ.
ಕೊರಳಾಗ ಐಡಿ ಕಾರ್ಡು, ಕೈಯಾಗ ಟ್ಯಾಬು,
ಕಾಲಾಗ ಹರದ ಚಪ್ಪಲಿ, ಪಿನ್ನು ಚುಚ್ಚಿದ್ದ.
ಹೆಸರು? ಜಗದೇವಿ.
ಗಂಡ? ತೀರಿಕೊಂಡಾರ್ರಿ.
ರಾತ್ರಿಪಾಳಿ ಮುಗಿಸಿ ಮಲಗಿದ್ದ ನನ್ನ ಗಂಡ
ಒಳಗ ಕೆಮ್ಮಿದ.

ಹೆಬ್ಬೆಟ್ಟು ಇಡ್ರಿ ಅಂದ.
ಇಟ್ಟೆ. ಮಷೀನು ಕೆಂಪಾತು. ಒರಸಿ ಮತ್ತ ಇಟ್ಟೆ.
ನನ್ನ ಬಟ್ಟು ಹಿಡದು ಬೆಳಕಿಗಿ ತಿರುವಿ ನೋಡಿದ.
ಹನ್ನೊಂದು ವರ್ಷದ ತೊಗರಿ ಗೆರಿ ತಿಂದುಬಿಟ್ಟದ.
ರೇಷನ್ ಅಂಗಡ್ಯಾಗ ನನ್ನ ಸ್ವಂತ ಹೆಸರಿಗೇ ಅದು ಹೊಂದಂಗಿಲ್ಲ,
ಮಂದಿ ಹೆಸರಿಗಿ ಹ್ಯಾಂಗ ಹೊಂದ್ಯಾತು?
ಅವ ಟ್ಯಾಬಿನ್ಯಾಗಿನ ಫೋಟೋ ನೋಡಿದ,
ನನ್ನ ಮಾರಿ ನೋಡಿದ,
ಒಳಗ ಇನ್ನೊಂದು ಸಲ ಕೆಮ್ಮು.
ಎಲ್ಲೋ ಒತ್ತಿದ. ಬಾಗಿಲಿಗಿ ಒಂದು ಚೀಟಿ ಅಂಟಿಸಿದ.
ಹೋಗೂಮುಂದ, ಸಣ್ಣ ದನಿಲೆ,
ಅಕ್ಕ, ಈ ಕಡಿ ಖಾಲಿ ಮನಿ ಯಾವುದರ ಅದ ಏನು,
ಇಬ್ಬರಿಗಿ ಸಾಕಾಗೂವಂಥಾದ್ದು?

ಸಂಜಿಗಿ ಮಗಳು ಚೀಟಿ ಓದಿದಳು:
ಭೇಟಿ ನೀಡಿದಾಗ ಬಾಗಿಲು ಮುಚ್ಚಿತ್ತು.
ಬಾಗಿಲದಾಗ ನಿಂತಿದ್ದಾಕಿ ನಾನು.

ಐದನೇ ತಾರೀಖಿಗಿ ಜಗದೇವಿ ಬಂದಳು.
ಒಳಗ ಬಾ ಅನ್ನೂತನಕ ಹೊಸ್ತಿಲ ಹೊರಗೇ ನಿಂತಳು.
ಗ್ವಾಡಿಗಿ ಅಂಗೈ ಹಚ್ಚಿ, ಹಸಿ ಅದಲ್ಲ ಅಂದಳು.
ಪ್ಯಾಟಿ ಖೋಲಿ ಮಾಲಕ ಮುನ್ನೂರು ಏರಿಸ್ಯಾನಂತ.
ನಾ ಏನೂ ಅನಲಿಲ್ಲ. ಆಕೀನೂ ಮುಂದ ಹೇಳಲಿಲ್ಲ.
ಆ ಮುನ್ನೂರು ಇಬ್ಬರ ನಡುವ
ಚಹಾದ ಕಪ್ಪಿನಂಗ ಆರ್ತಾ ಕುಂತಿತ್ತು.

ಅಷ್ಟರಾಗ ನಳ ಬಂತು.
ಹೊರಗಿಂದ ಯಾರೋ ಕೂಗಿದ್ರು,
ಏ ಜಗದೇವಿ, ಕೊಡ ತಗೊಂಡು ಲಗೂನ ಬಾ!
ನಾನು ಎದ್ದೆ.
ಆಕಿ ರೊಕ್ಕ ಎಣಸ್ತಿದ್ದಳು,
ತಲಿ ಎತ್ತಲಿಲ್ಲ.