ಶನಿವಾರ ತೊಳೆಯೋಣ

ಇಲಿಯ ತಲೆ ತೆಗೆಯುವುದು ಆಕೆಯ ಪಾಲು.
ನಾನು ಆಚೆ ತಿರುಗಿ ಮಂಜುಗಡ್ಡೆ ಕುಟ್ಟುವವ,
ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆತನದವ.
ಕುವೈತಿನ ಜಾಬ್ರಿಯಾ, ಮೂರನೆಯ ಮಹಡಿ;
ಹೊರಗೆ ನಲವತ್ತೆಂಟು ಡಿಗ್ರಿ, ನಮ್ಮ ಕೋಣೆಯಲ್ಲಿ ನಾಲ್ಕು.
"ಬದ್ಮರಾಜ್, ನಿನ್ನ ದೇವರಿಗೆ ಹೇಳು, ಕತ್ತರಿ ನನ್ನದು"
ಅನ್ನುವಳು ನಾಹಿದಾ.
ಪಕಾರವಿಲ್ಲದ ಭಾಷೆಯವಳು.
ಹದಿನೈದು ವರ್ಷ ಪ್ರೋಟೀನು ಓದಿ
ಬ್ರೋಟೀನು ಎಂದೇ ಕರೆದವಳು.

ಎತ್ತಿನ ಮಿದುಳಿಂದ ತೆಗೆದ ಕೊಬ್ಬು
ಕ್ಲೋರೋಫಾರ್ಮಿನಲ್ಲಿ ಕರಗಿ ಬರುತ್ತಿತ್ತು, ಸಣ್ಣ ಸೀಸೆಗಳಲ್ಲಿ.
ನೈಟ್ರೋಜನ್ ಊದಿ ಆರಿಸಿದರೆ
ಗಾಜಿನ ತಳಕ್ಕೆ ಅಂಟಿ ಕೂರುವ ತೆಳು ಪೊರೆ.
ಆರಿದ ಚಹಾದ ಮೇಲೂ ಅದನ್ನೇ ಕಂಡು ಒಂದು ದಿನ ಕೇಳಿದಳು,
ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?
ಕೆನೆ, ಅಂದೆ.
ಕೆನೆ, ಕೆನೆ,
ನಾಲಿಗೆಯ ಮೇಲಿಟ್ಟು ನೋಡಿದಳು.
ನನ್ನನ್ನು ಸೋಲಿಸುವ ಅಕ್ಷರ ಇದರಲ್ಲಿಲ್ಲ, ಅಂದಳು.

ನಾವು ಹುಡುಕುತ್ತಿದ್ದದ್ದು ಇಷ್ಟೇ:
ಮಿದುಳಿನ ಒಂದು ಪ್ರೋಟೀನಿನ ಹಣೆಗೆ
ರಂಜಕದ ಬೊಟ್ಟು ಇಡುವವರು ಯಾರು,
ಯಾರು ಹೇಳಿದರೆ ಇಡುತ್ತಾರೆ.
ಬರೀ ಕ್ಯಾಲ್ಸಿಯಂ ಹಾಕಿದರೆ ಆ ಕಿಣ್ವ ಮಿಸುಕದು.
ಬರೀ ಕೊಬ್ಬಿಗೂ ಮಿಸುಕದು.
ಬಾಯಲ್ಲಿ ಹೆಬ್ಬೆರಳಿಟ್ಟು ಮಲಗಿದ ಕೂಸು.
ಎರಡೂ ಸೇರಿದವೋ,
ಕ್ಯಾಲ್ಸಿಯಂ ರಟ್ಟೆ ಹಿಡಿದು ಕೆನೆಯ ದಡಕ್ಕೆ ತರುತ್ತದೆ,
ಕೆನೆ ಮೆಲ್ಲಗೆ ಬಾಯಿಂದ ಬೆರಳು ಬಿಡಿಸುತ್ತದೆ.
ಎದ್ದ ಕೂಸು ಸಿಕ್ಕಿದವರಿಗೆಲ್ಲ ಬೊಟ್ಟಿಡುತ್ತದೆ.
ಫಿಲ್ಮಿನ ಮೇಲೆ ಆಗ ಒಂದು ಗೆರೆ
ಕಾಡಿಗೆಯ ಕಡ್ಡಿ ಎಳೆದಷ್ಟು ಕಪ್ಪು.

ಇನ್ನೊಂದಿದೆ, ಅಂದಿದ್ದಳು, ಹನ್ನೆರಡು ಎಸಳಿನದು.
ಅದು ತನ್ನ ಹಣೆಗೂ ತಾನೇ ಬೊಟ್ಟಿಟ್ಟುಕೊಳ್ಳುತ್ತದೆ;
ಕ್ಯಾಲ್ಸಿಯಂ ಬಂದು, ಹೋಗಿ, ಎಷ್ಟು ಹೊತ್ತಾದರೂ
ಕೆಲಸ ನಿಲ್ಲಿಸದು.
ನಮ್ಮಪ್ಪನ ಹಾಗೆ.
ಹೈಫಾದ ಪಕ್ಕದ ಮನೆಯವನ ಪಾರಿವಾಳಗಳಿಗೆ
ಹವಲ್ಲಿಯ ಬಾಲ್ಕನಿಯಲ್ಲಿ ಕೂತು
ಈಗಲೂ ದಿನಾ ಬೆಳಿಗ್ಗೆ ಬೈಯುತ್ತಾನೆ.

ತೊಂಬತ್ತನೆಯ ಇಸವಿ, ಆಗಸ್ಟ್ ಒಂದು, ಬುಧವಾರ.
ಜೆಲ್ ಒಣಗಿಸಿ, ಮೇಲೆ ಫಿಲ್ಮು ಒತ್ತಿ,
ಕ್ಯಾಸೆಟ್ಟಿಗೆ ಕ್ಲಿಪ್ಪು ಹಾಕಿ
ಮೈನಸ್ ಎಂಬತ್ತರ ಫ್ರೀಜರಿನಲ್ಲಿ ನಿಲ್ಲಿಸಿದೆವು.
ಶನಿವಾರ ತೊಳೆಯೋಣ, ಅಂದಳು.
ಲೈಟು ಆರಿಸಿದ್ದು ನಾನು.

ಗುರುವಾರ ಬೆಳಿಗ್ಗೆ ರಸ್ತೆಯಲ್ಲಿ ಟ್ಯಾಂಕು.

ರಂಜಕ ಮೂವತ್ತೆರಡು: ಹದಿನಾಲ್ಕು ದಿನಕ್ಕೆ ಅರ್ಧ.
ಬಸ್ರಾ ದಾಟುವಾಗ ಲೆಕ್ಕ ಹಾಕಿದೆ.
ಅಮ್ಮಾನಿನ ಡೇರೆಯ ಮುಂದೆ, ನೀರಿನ ಸರದಿಯಲ್ಲಿ,
ಕೈಯಲ್ಲಿ ಖಾಲಿ ಡಬ್ಬ ಹಿಡಿದು ಮತ್ತೆ ಹಾಕಿದೆ.
ಬೊಂಬಾಯಿಯಲ್ಲಿ ವಿಮಾನ ಇಳಿದಾಗ
ಮೂರನೆಯ ಸಲ ಅರ್ಧವಾಗಿತ್ತು.
ಕರೆಂಟು ಇತ್ತೋ ಹೋಗಿತ್ತೋ,
ಇಡೀ ಕಟ್ಟಡದಲ್ಲಿ ಅದೊಂದೇ ಡ್ಯೂಟಿಯಲ್ಲಿತ್ತು:
ಒಂದೊಂದೇ ಕಣ ಸಿಡಿಸಿ ಫಿಲ್ಮಿಗೆ ತಾಗಿಸುತ್ತ,
ಯಾರೂ ನೋಡದ ಗೆರೆ ತಿದ್ದುತ್ತ.

ತೊಂಬತ್ತೆರಡರಲ್ಲಿ ನನಗೆ ವೀಸಾ ಸಿಕ್ಕಿತು.
ಅವಳಿಗೆ ಸಿಗಲಿಲ್ಲ, ಅವಳ ಜನಕ್ಕೆ ಕೊಡುತ್ತಿರಲಿಲ್ಲ.
ಫ್ರೀಜರು ನಿಂತಿದ್ದಲ್ಲಿ ನೆಲದ ಮೇಲೆ
ನಾಲ್ಕು ಕಾಲಿನ ತುಕ್ಕು.
ಹೊಸದು ಬಂತು, ಹೊಸ ಇಲಿಗಳೂ ಬಂದವು.
ನಾನು ಆಸ್ಪತ್ರೆಯ ಲ್ಯಾಬು ಕೇಳಿಕೊಂಡೆ.
ದಿನಕ್ಕೆ ಇನ್ನೂರು ಟ್ಯೂಬು, ರಕ್ತದ ಕ್ಯಾಲ್ಸಿಯಂ.
ಯಂತ್ರ ಅಂಕಿ ಹೇಳುತ್ತದೆ, ನಾನು ಸಹಿ ಹಾಕುತ್ತೇನೆ.

ಅಮ್ಮಾನಿನಲ್ಲಿದ್ದಾಳೆ ಎಂದರು ಒಬ್ಬರು,
ಇನ್ನೊಬ್ಬರು, ಇಲ್ಲ, ಕೆನಡಾ.
ಬೊಟ್ಟು ಒರಸುವ ಕಿಣ್ವಗಳೂ ಇವೆ.
ಪ್ರತಿ ಹಣೆಯ ಹತ್ತಿರವೇ ಬಟ್ಟೆ ಹಿಡಿದು ಕಾದಿರುತ್ತವೆ.
ಅವನ್ನು ಓದಲು ನಮಗೆ ಪುರುಸೊತ್ತಾಗಲಿಲ್ಲ.

ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಇವತ್ತು
ಮಗಳು ನನ್ನ ಆರಿದ ಚಹಾಕ್ಕೆ ಚಮಚ ಇಳಿಸಿ
ಮುಖ ಸಿಂಡರಿಸಿ ಎತ್ತಿದಳು.
ಛೀ, ಏನಪ್ಪಾ ಇದು?
ಹೇಳಲು ಬಾಯಿ ತೆರೆದೆ.
ಮೊದಲು ಕೇಳಿಸಿದ್ದು ನನ್ನ ದನಿಯಲ್ಲ.