ಕಚ್ಚಾ ಹೊಲಿಗೆ

ಅಹ್ಮದಿ ಅಂದರೆ ಮೂರು ತುಂಡು ಬಟ್ಟೆ, ಮಾರಾಯ್ರೇ.
ಬಡಗಿಗೆ ಬಿಳಿಯರ ಬಂಗಲೆ, ಹುಲ್ಲಿಗೂ ಸಿಹಿನೀರು.
ನಡುವೆ ನಾವು, ಗುಮಾಸ್ತರು, ಕಂಪೌಂಡರು,
ಬಕೆಟಿನ ಲೆಕ್ಕದವರು.
ತೆಂಕಿಗೆ, ಈ ಮರಳಲ್ಲೇ ಹುಟ್ಟಿದವರು,
ತಗಡಿನ ಕೆಳಗೆ.
ಎಣ್ಣೆ ಕಂಪನಿಯ ಕತ್ತರಿ ಹರಿತ ಉಂಟು,
ಒಂದು ಎಳೆ ಆಚೆಯಿಂದ ಈಚೆಗೆ ಜೋತು ಬೀಳದ ಹಾಗೆ.

ನಾನು ಪುತ್ತಬ್ಬ, ಉಳ್ಳಾಲದವ, ದರ್ಜಿ.
ಮೂರೂ ಕಡೆ ಓಡಾಡುವ ಪಾಸು ನನಗೆ ಕೊಟ್ಟಿದ್ದರು,
ಯಾಕೆಂದರೆ ಪರದೆ ಎಲ್ಲರಿಗೂ ಬೇಕು.
ದೊರೆಯ ಸೊಂಟ ನಲವತ್ತನಾಲ್ಕು. ಗಟ್ಟಿಯಾಗಿ ಹೇಳಬಾರದು.

ಸೆವ್ರಿನ್ ಬಾಯಿ ಬಡಗಿನ ಬಂಗಲೆಯೊಂದರಲ್ಲಿ ಆಯಾ,
ಮಗುವಿನ ಕೋಣೆಯ ಹಿಂದೆ ಅವಳ ಚಾಪೆ.
ಗಂಡ ಲಾದ್ರು ನಡುವಿನ ಸಾಲಿನಲ್ಲಿ,
ಕೋಣೆಗೆ ಆರು ಮಂಚ.
ಬೆಂದೂರಿನ ಇಗರ್ಜಿಯಲ್ಲಿ ಉಂಗುರ ಬದಲಿಸಿಕೊಂಡವರು
ಕಂಪನಿಯ ಕಡತದಲ್ಲಿ ಇಬ್ಬರೂ ಒಂಟಿ.

ಒಂದು ಶುಕ್ರವಾರ ಅವಳು ಮೂರು ಗಜ
ಹೂವಿನ ವಾಯಿಲು ತಂದು "ಫ್ರಾಕು" ಅಂದಳು,
ಕಣ್ಣು ಬಾಗಿಲ ಮೇಲೆ.
ಹಿಂದೆಯೇ ಲಾದ್ರು ಬಂದ,
ತಾನೇ ಕಿತ್ತುಕೊಂಡ ಗುಂಡಿಯೊಂದನ್ನು ಹಿಡಿದು.
ನಾನು ಏನೂ ಕೇಳಲಿಲ್ಲ.
ಅಳತೆ ನೋಡುವ ಮೂಲೆಯ ಪರದೆ ಎಳೆದು
ಸೂಜಿಯಿಂದ ನೂಲು ತೆಗೆದು
ಮಿಷನು ತುಳಿದೆ. ಅರ್ಧ ಗಂಟೆ, ಕಟಕಟ ಕಟಕಟ.
ಚಿಂದಿ ತುಂಬ ತೂತು.

ಎರಡು ವರ್ಷ ಆ ಫ್ರಾಕು ಮುಗಿಯಲಿಲ್ಲ.
ಪುಸ್ತಕದಲ್ಲಿ ಬರೆದೆ: ಭುಜ ಸರಿ ಕೂತಿಲ್ಲ, ಮತ್ತೆ ಬರಬೇಕು.
ತೋಳು ಬಿಗಿ, ಮತ್ತೆ ಬರಬೇಕು.
ಪಹರೆಯ ಸಾಹೇಬ ಹಾಳೆ ಮಗುಚಿ ಕೇಳಿದ,
"ಒಂದು ಫ್ರಾಕಿಗೆ ಎಷ್ಟು ಶುಕ್ರವಾರ?"
"ಹೆಂಗಸಿನ ಅಳತೆ ಒಂದೇ ಸಮ ನಿಲ್ಲುವುದಿಲ್ಲ, ಸಾಹೇಬರೇ."
ನಕ್ಕ. ಹೋದ.
ಬಾಯಿಗೆ ಬಂದದ್ದು ಹೇಳಿದ್ದು ನಾನು.
ಅದು ನಿಜವಾಗಬೇಕೇ, ಅಲ್ಲಾಹನೇ?

ಸೆಕೆ ಶುರುವಾಗುವಾಗ ಟೇಪು ಎರಡಿಂಚು ಸಾಲಲಿಲ್ಲ.
ಹೊಲಿಗೆ ಬಿಚ್ಚಿ ಬಿಟ್ಟುಕೊಟ್ಟೆ.
ಮರುತಿಂಗಳು ಮತ್ತೆ.
ಸೆವ್ರಿನ್ ನೆಲ ನೋಡಿ ನಗುತ್ತಿದ್ದಳು. ಲಾದ್ರು
ಬೆರಳು ಮಡಚಿ ಎಣಿಸುತ್ತಿದ್ದ,
ರೂಪಾಯಿಯೋ ತಿಂಗಳೋ ಗೊತ್ತಿಲ್ಲ.

ದೊರೆಸಾನಿ ಒಳ್ಳೆಯವಳು. ತನ್ನ ಹಳೆಯ
ಬಸುರಿ ಗೌನು ಮಡಚಿ ಕೊಟ್ಟಳಂತೆ.
ಅದೇ ಕೈಯಲ್ಲಿ ಕಂಪನಿಗೆ ಬರೆದಳು:
ಒಂಟಿ ಹೆಂಗಸು, ನಡತೆ.
ಮಂಗಳವಾರ ಬೊಂಬಾಯಿಯ ಹಡಗು.
ಇಗರ್ಜಿಯ ಕಾಗದ ಹಿಡಿದು ಲಾದ್ರು ಮೂರು ಮೇಜು ಸುತ್ತಿದ,
ಕಡತದಲ್ಲಿ ಇಲ್ಲ ಅಂದರು.
ಬಂದರಿಗೆ ಹೋಗುವ ಪಾಸೂ ಇಲ್ಲ.

ಶುಕ್ರವಾರ ಬಂದ. ಕೈಯಲ್ಲಿ ಗುಂಡಿ ಇರಲಿಲ್ಲ.
ಫ್ರಾಕು ಮೊಳೆಯಲ್ಲಿ ಹಾಗೇ ಇತ್ತು, ಸೊಂಟ ಬಿಚ್ಚಿದ್ದು,
ಬಿಳಿ ನೂಲಿನ ದೊಡ್ಡ ದೊಡ್ಡ ಹೊಲಿಗೆ.
ಅದನ್ನು ತೆಗೆದುಕೊಂಡು ಮೂಲೆಗೆ ಹೋದ,
ಪರದೆ ತಾನೇ ಎಳೆದುಕೊಂಡ.

ಅಂಗಡಿಯಲ್ಲಿ ನಾಲ್ಕು ಗಿರಾಕಿಗಳು, ಬಾಗಿಲಲ್ಲಿ ಪಹರೆಯವ.
ಅರ್ಧಕ್ಕೆ ನಿಂತಿದ್ದ ಷರಾಯಿ ಪಕ್ಕಕ್ಕಿಟ್ಟು
ಮಿಷನಿಗೆ ಕೂತೆ.
ನೂಲು ತೆಗೆದೆ.