ಮಡಗೋದು

ಅಕ್ಕ ಅದಕ್ಕೆ ಹೆಸರು ಹೇಳುವುದಿಲ್ಲ.
ಊಟಿಯ ಹಾಸ್ಟೆಲಿನಲ್ಲಿ ಏನೋ ಫ್ರೆಂಚು ಹೆಸರಿತ್ತಂತೆ,
ಬುಧವಾರದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರಂತೆ.
ಇಪ್ಪತ್ತೆರಡು ವರ್ಷ ಬೇಯಿಸಿದರೂ ನಾಲಗೆಗೆ ಹತ್ತಲಿಲ್ಲ,
ಕೈಗೆ ಹತ್ತಿತು.
ತಾಳವಾಡಿಗೆ ಬಂದ ಮೇಲೆ ಬರೀ ‘ಗಡ್ಡೆ ತಟ್ಟೆ.’

ಐದು ದಿನದ ಕೆನೆ ಬೇಕು.
ಎಮ್ಮೆ ಹಾಲು ಕಾಸಿ, ಆರಿಸಿ,
ಚಮಚದ ಬೆನ್ನಲ್ಲಿ ಪದರ ಸರಿಸಿ ಹಾರ್ಲಿಕ್ಸ್ ಬಾಟಲಿಗೆ.
(ಬಾಟಲಿ ಎಲ್ಲಿರುತ್ತದೆಂದು ಆಮೇಲೆ ಹೇಳುತ್ತೇನೆ.)
ಆ ವಾರ ನನ್ನ ಟೀಗೆ ನೀಲಿ ಹಾಲು.

ಹೆಚ್ಚಿದ ಉರ್ಲಗಡ್ಡೆಯನ್ನು ತೊಳೆಯಕೂಡದು,
ಅದರ ಅಂಟೇ ಅದಕ್ಕೆ ಗಾರೆ.
ನಾಕಾಣೆ ಬಿಲ್ಲೆಯಷ್ಟು ತೆಳು,
ಒಂದರ ಅಂಚಿನ ಮೇಲೆ ಇನ್ನೊಂದು, ಹೆಂಚು ಹೊದಿಸಿದ ಹಾಗೆ.
ತಟ್ಟೆಯ ಮೈಗೆ ಬೆಳ್ಳುಳ್ಳಿ ಉಜ್ಜಿ, ಉಪ್ಪು, ಮೆಣಸು,
ಕೆನೆ ಸುರಿದು, ಕೊನೆಗೆ ಚೂರು ಜಾಯಿಕಾಯಿ.
‘ಕೂಸಿಗೆ ತೇಯೋದಲ್ವ ಅದು?’ ಎಂದೆ.
‘ಇದೂ ನಿದ್ದೆ ಮಾಡ್ಲಿ ಬುಡು’ ಅಂದಳು.

ಮೊಯ್ದು ಕಾಕನ ಬೇಕರಿಯಲ್ಲಿ
ಸಂಜೆಯ ಬನ್ನು ಇಳಿದ ಮೇಲೆ ಒಲೆಯಲ್ಲಿ ಉಳಿಯುವ ಬಿಸಿ
ಯಾರದೂ ಅಲ್ಲ.
ಒಂದೂವರೆ ತಾಸು ಅದು ನಮ್ಮದು.
ಅಂಚಿನಲ್ಲಿ ಕೆನೆ ಗುಳುಗುಳು ಅನ್ನುವುದು ನಿಂತು
ಮೇಲೆ ಹುರಿಗಡಲೆ ಬಣ್ಣ ಬಂದಾಗ
ಕಾಕ ಸನಿಕೆಯಲ್ಲಿ ಎಳೆದು ಹೊರಗಿಡುತ್ತಾನೆ,
ಮೂಗು ಮಾತ್ರ ಒಳಗೇ ಬಿಟ್ಟು.

ಅವತ್ತೇ ತಿನ್ನುವಂತಿಲ್ಲ. ಅದು ಅಕ್ಕನ ಕಾಯಿದೆ.
‘ಒಂದು ರಾತ್ರಿ ಮಡಗಬೇಕು. ಬಿಸೀಲಿ ಅದು ಗಂಜಿ,
ತಣ್ಣಗಾದ್ಮೇಲೆ ಗಡ್ಡೆ ಗಡ್ಡೆಯ ಕೈ ಹಿಡ್ಕತದ.’
ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ.
ದನದ ಆಸ್ಪತ್ರೆಯಲ್ಲಿದೆ, ಅದರ ಬೀಗದ ಕೈ ನನ್ನ ಸೊಂಟದಲ್ಲಿದೆ.

ಮೇಲಿನ ಅಂತಸ್ತಿಗೆ ಕಾಲುಬಾಯಿ ಜ್ವರದ ಲಸಿಕೆ,
ನಡುವೆ ಚಪ್ಪೆರೋಗದ್ದು,
ತಳದಲ್ಲಿ ಮುಚ್ಚಳ ಬಿಗಿದ ಕೆನೆ ಬಾಟಲಿ, ಇವತ್ತು ತಟ್ಟೆ.
ತಮಿಳು ರಿಜಿಸ್ಟರಿನಲ್ಲಿ ಬೆಳಿಗ್ಗೆ ನಾಕು ಡಿಗ್ರಿ, ಸಂಜೆ ಐದು,
ನನ್ನ ಸಹಿ ಮಾತ್ರ ಕನ್ನಡದಲ್ಲಿ.
‘ಐಸ್ ಗೂಡಿಗೆ ತಳ್ಳಬೇಡ, ಕೆನೆ ಒಡೆದು ನೀರು ಬುಡ್ತದ.’
ಲಸಿಕೆಯದೂ ಅದೇ ಗುಣ ಎಂದೆ.
ಅಕ್ಕ ಬಾಟಲಿಗಳನ್ನು ಮೊದಲ ಸಲ ಗೌರವದಿಂದ ನೋಡಿದಳು.

ರಾತ್ರಿ ಹನ್ನೊಂದಕ್ಕೆ ಆನೆ
ತೋಪಿನ ಪಕ್ಕದ ಕಂಬಕ್ಕೆ ಬೆನ್ನು ಉಜ್ಜಿತು.
ಇಡೀ ಬೀದಿ ಆರಿತು.
ಲೈನ್‌ಮ್ಯಾನ್ ಪಳನಿಚಾಮಿ ಬಂದು, ಕಂಬ ನೋಡಿ,
ಆನೆ ಹೋದ ದಿಕ್ಕು ನೋಡಿ, ‘ಕಾಲೈಲೆ’ ಅಂದ.
ನಾನು ಲಸಿಕೆಯನ್ನೆಲ್ಲ ಐಸ್ ಡಬ್ಬಿಗೆ ತುಂಬಿದೆ.
ತಟ್ಟೆಗೆ ಜಾಗ ಉಳಿಯಲಿಲ್ಲ.

ಟಾರ್ಚು ಹಿಡಿದು ಬಂದ ಅಕ್ಕ
ಡಬ್ಬಿ ನೋಡಿದಳು, ತಟ್ಟೆ ನೋಡಿದಳು.
ದನಕ್ಕಿಂತ ಗಡ್ಡೆ ಮುಖ್ಯ ಎನ್ನಲು
ಬಾಯಿ ಬರಲಿಲ್ಲ ಅವಳಿಗೆ.
‘ಕೂರಿ ಮತ್ತೆ’ ಅಂದಳು.

ಮೆಟ್ಟಿಲ ಮೇಲೆ ನಾವು ನಾಲ್ವರು,
ಮೊಯ್ದು ಕಾಕ ಲುಂಗಿ ಮಡಚಿಕೊಂಡು.
ಚಾಕು ಇರಲಿಲ್ಲ. ಪ್ಯಾಕೆಟ್ಟು ಒಡೆಯದ
ಹೊಸ ಶಸ್ತ್ರದ ಬ್ಲೇಡಿನಲ್ಲಿ ಕೊಯ್ದೆ.
ಸೋಪಿನ ಬಿಲ್ಲೆಯ ಹಾಗೆ ಎದ್ದು ಬಂತು ಚೌಕ,
ಟಾರ್ಚಿನ ಬೆಳಕಲ್ಲಿ ಪದರ ಎಣಿಸಬಹುದಿತ್ತು.
ಯಾರೂ ಎಣಿಸಲಿಲ್ಲ.
ದೂರದಲ್ಲಿ ಪಟಾಕಿ ಸಿಡಿಯಿತು,
ಯಾರೋ ಕೋಸಿನ ಹೊಲ ಕಾಯುತ್ತಿದ್ದರು.
ಪಳನಿಚಾಮಿ ಕೇಳಿದ, ಇದಕ್ಕೆ ಏನು ಹೆಸರು.
ಅಕ್ಕ ಅಗಿಯುತ್ತಲೇ ಇದ್ದಳು. ಆಮೇಲೆ,
‘ಇನ್ನೂ ನಾಕು ಗಂಟೆ ಮಡಗಬೇಕಿತ್ತು.’

ಉಳಿದ ಎರಡು ಚೌಕ ತಟ್ಟೆಯ ಸಮೇತ
ಅವನ ಹೆಂಡತಿಗೆ ಹೋಯಿತು.

ಮೂರನೇ ದಿನ ಅವನ ಮಗ
ತೊಳೆದ ತಟ್ಟೆ ತಂದ. ಬರಿದಾಗಿ ಕಳಿಸಬಾರದೆಂದು
ಅದರಲ್ಲಿ ಏಳು ಉರ್ಲಗಡ್ಡೆ, ಮಣ್ಣು ಹಾಗೇ.
ಅಕ್ಕ ಒಂದೊಂದನ್ನೂ ತಿರುಗಿಸಿ ನೋಡಿ
ಐದನ್ನು ಕತ್ತಲ ಮೂಲೆಯ ಬುಟ್ಟಿಗೆ ಹಾಕಿದಳು.
ಹಸಿರು ತಿರುಗಿದ ಎರಡನ್ನು ಬೇರೆ ಇಟ್ಟು,
‘ಇವು ತಿನ್ನೋಕಲ್ಲ’ ಅಂದಳು,
‘ಬಿತ್ತೋಕೆ.’